ಈ ಟಿವಿ ಈ ಖಾತೆಯ ಮನೆಯ ಭಾಗವಲ್ಲ

ನನ್ನ ಗಂಡ ಜುಗ್ಗರಲ್ಲ. ಕೈ ಬಿಚ್ಚಿಯೇ ಖರ್ಚು ಮಾಡುತ್ತಾರೆ. ಆದರೆ ಒಮ್ಮೆ ಕೊಟ್ಟ ಮೇಲೆ ಕೊಟ್ಟದ್ದನ್ನು ತಾವೂ ಮರೆಯುವುದಿಲ್ಲ, ಇಸಕೊಂಡವರಿಗೂ ಮರೆಯಲು ಬಿಡುವುದಿಲ್ಲ. ಮೂಡಿಗೆರೆಯ ಹೋಟೆಲಿನಲ್ಲಿ ಎರಡನೇ ಸಲದ ಚಟ್ನಿ ತಡವಾದರೆ, ‘ಎಂತ ಮಾರಾಯ, ನಾವೇನು ಪುಕ್ಕಟೆ ತಿಂತಿದೀವಾ?’ ಎನ್ನುತ್ತಾರೆ. ಫೋನಿಗೆ ಸಿಗ್ನಲ್ ಬಾರದಿದ್ದರೂ ಅದೇ ರಾಗ. ಎದುರಿಗೆ ಇಷ್ಟು ದೊಡ್ಡ ಗುಡ್ಡ ಅಡ್ಡ ನಿಂತಿರುವಾಗ ಕಂಪನಿಯವರಾದರೂ ಏನು ಮಾಡಿಯಾರು ಎಂದು ಕೇಳಿದರೆ, ‘ರೀಚಾರ್ಜ್ ಮಾಡ್ಸ್ಕೊಳ್ಳೋವಾಗ ಗುಡ್ಡ ಕಾಣ್ಲಿಲ್ವಾ ಅವ್ರಿಗೆ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದನ್ನೆಲ್ಲ ತವರಿನಲ್ಲಿ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಈಗ ಅಷ್ಟು ನಗು ಬರುವುದಿಲ್ಲ.

ನಮ್ಮದು ಕಳಸದ ರಸ್ತೆಯಿಂದ ಒಳಕ್ಕೆ ಇರುವ ಸಣ್ಣ ತೋಟ. ಅತ್ತೆ ಇರುವ ತನಕ ಇವರು, ಇವರ ಅಣ್ಣ, ಎರಡು ಸಂಸಾರವೂ ಒಂದೇ ಮನೆಯಲ್ಲಿದ್ದೆವು. ಭಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಓರಗಿತ್ತಿ ಎಂದು ಬೇರೆಯವರಿಗೆ ಪರಿಚಯಿಸುವಾಗ ಹೇಳಬೇಕಷ್ಟೆ, ಮದುವೆಯಾಗಿ ಬಂದ ದಿನದಿಂದ ಅವರು ನನಗೆ ಅಕ್ಕನೇ. ಕಾಫಿಗೆ ಒಳ್ಳೆಯ ರೇಟು ಬಂದ ವರ್ಷ ಇವರು ಮೂಡಿಗೆರೆಯಿಂದ ಎರಡು ಟಿವಿ ತಂದರು. ಒಂದು ಹಜಾರಕ್ಕೆ, ಇನ್ನೊಂದು ಅಣ್ಣ ಅತ್ತಿಗೆಯ ಕೋಣೆಗೆ. ಅಂಗಡಿಯವನೇ ಬಂದು ಸಿನಿಮಾ, ಸೀರಿಯಲ್ ನೋಡುವ ಒಂದು ಆ್ಯಪ್ ಹಾಕಿ, ಇವರ ನಂಬರಿನಲ್ಲಿ ಖಾತೆ ತೆರೆದು, ಎರಡೂ ಟಿವಿಗೆ ಅದನ್ನೇ ಜೋಡಿಸಿದ. ‘ಯಾರ್ಯಾರು ನೋಡ್ತೀರಿ ಸಾರ್, ಬೇರೆ ಬೇರೆ ಹೆಸರು ಹಾಕ್ಬೋದು’ ಎಂದ. ಇವರು ತಮ್ಮದೊಂದು ಹೆಸರು ಹಾಕಿಸಿ, ಇನ್ನೊಂದಕ್ಕೆ ‘ಹೆಂಗಸ್ರು’ ಎಂದು ಬರೆಸಿದರು. ತಮಾಷೆಗೆ ಹಾಕಿಸಿದ ಆ ಹೆಸರು ಹಾಗೇ ಉಳಿಯಿತು.

ಅತ್ತೆ ತೀರಿಕೊಂಡ ಮೇಲೆ ಹಿಸ್ಸೆಯಾಯಿತು. ಜಮೀನು ಅಳೆದರು, ಖಾತೆ ಬೇರೆ ಮಾಡಿದರು, ಕಾಫಿ ಒಣಗಿಸುವ ಕಣದ ನಡುವೆ ಇಟ್ಟಿಗೆಯ ಸಾಲು ಇಟ್ಟರು. ಅಲ್ಲಿಯವರೆಗೆ ಎಲ್ಲ ಮರ್ಯಾದೆಯಲ್ಲೇ ನಡೆದಿತ್ತು. ಹಳ್ಳದ ನೀರೆತ್ತುವ ಮೋಟಾರು ಯಾರ ಪಾಲಿಗೆ ಎನ್ನುವಲ್ಲಿ ಮಾತು ಬೆಳೆಯಿತು. ಅಣ್ಣ ಒಂದು ಅಂದರು, ತಮ್ಮ ಎರಡು ಅಂದರು. ಭಾವ ಹಳ್ಳದಾಚೆಯ ಇಳಿಜಾರಿನಲ್ಲಿ ಹೊಸ ಮನೆ ಕಟ್ಟಿಸಿ, ಹೆಂಡತಿಯನ್ನೂ ಟಿವಿಯನ್ನೂ ಕರೆದುಕೊಂಡು ಹೋದರು. ಜಗಳ ಆಡಿದ್ದು ಗಂಡಸರು, ಹೋಗಿ ಬರುವುದು ನಿಂತದ್ದು ಹೆಂಗಸರದು. ನಮ್ಮ ಅಂಗಳದಲ್ಲಿ ನಿಂತರೆ ಅವರ ಮನೆಯ ಹಂಚು ಕಾಣುತ್ತದೆ, ಅಕ್ಕ ಬಟ್ಟೆ ಒಣಗಿಸುವುದು ಕಾಣುತ್ತದೆ. ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ದಾಟಿದರೆ ಹತ್ತು ನಿಮಿಷದ ದಾರಿಯೂ ಅಲ್ಲ.

ಆ ಹಿಸ್ಸೆಯಲ್ಲಿ ಪಾಲು ಮಾಡಲು ಎಲ್ಲರೂ ಮರೆತದ್ದು ಆ್ಯಪಿನ ಖಾತೆಯೊಂದನ್ನೇ. ಅದೂ ಒಂದು ಆಸ್ತಿ ಎಂದು ಯಾರಿಗೆ ಹೊಳೆಯಬೇಕು?

ನಾನೂ ಅಕ್ಕನೂ ಹಳೆ ಮನೆಯಲ್ಲಿದ್ದಾಗ ಆ ‘ಹೆಂಗಸ್ರು’ ಹೆಸರಿನಲ್ಲಿ ಒಂದು ಸೀರಿಯಲ್ ಶುರುಮಾಡಿದ್ದೆವು. ಯಾವುದೋ ದೂರದೇಶದ್ದು, ಕನ್ನಡದಲ್ಲಿ ಮಾತಾಡಿಸಿದ್ದರು. ತಾಯಿ, ಮಗಳು ಬೇಕರಿ ನಡೆಸುವ ಕತೆ. ಅದರಲ್ಲಿ ಸದಾ ಕೇಡು ಬಗೆಯುವ ಒಬ್ಬ ಚಿಕ್ಕಪ್ಪನಿದ್ದ. ‘ಇವನ ಮೀಸೆ ನೋಡು, ನಮ್ಮ ಹಳೇ ಮೇಸ್ತ್ರಿದೇ’ ಎಂದು ಅಕ್ಕ ಅವನು ಬಂದಾಗಲೆಲ್ಲ ಹೇಳುತ್ತಿದ್ದರು. ಮನೆ ಬೇರೆಯಾದ ಮೇಲೆ ಒಂದು ಮಧ್ಯಾಹ್ನ ನಾನೊಬ್ಬಳೇ ಅದನ್ನು ಹಾಕಿದೆ. ನಾವು ಬಿಟ್ಟ ಜಾಗದಲ್ಲಿ ಅದು ಇರಲಿಲ್ಲ. ಎಲ್ಲಿಯವರೆಗೆ ನೋಡಿಯಾಗಿದೆ ಎಂದು ಚಿತ್ರದ ಕೆಳಗೆ ತೋರಿಸುವ ಕೆಂಪು ಗೆರೆ ಮುಂದಕ್ಕೆ ಹೋಗಿತ್ತು. ಅಂದರೆ ಹಳ್ಳದಾಚೆ ಅಕ್ಕನೂ ನೋಡುತ್ತಿದ್ದಾರೆ ಎಂದಾಯಿತು. ನನಗಾದ ಸಂತೋಷವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಗಂಡನಿಗೆ ಹೇಳುವ ಹಾಗಿಲ್ಲ.

ಅಂದಿನಿಂದ ಅದೇ ನಮ್ಮ ಹೋಗಿ ಬರುವಿಕೆಯಾಯಿತು. ಅಕ್ಕ ಊಟವಾದ ಕೂಡಲೇ ನೋಡುತ್ತಿದ್ದರು. ನಾನು ಆಳುಗಳಿಗೆ ಕಾಫಿ ಕೊಟ್ಟು ಕಳಿಸಿದ ಮೇಲೆ ಕೂರುತ್ತಿದ್ದೆ. ಕೆಂಪು ಗೆರೆ ಅರ್ಧಕ್ಕೇ ನಿಂತಿದ್ದರೆ, ಮನೆಗೆ ಯಾರೋ ಬಂದಿರಬೇಕು ಅಂದುಕೊಳ್ಳುತ್ತಿದ್ದೆ. ಗೆರೆ ನಿನ್ನೆಗಿಂತ ಹಿಂದಕ್ಕೆ, ಚಿಕ್ಕಪ್ಪ ಏಟು ತಿನ್ನುವ ಕಡೆಗೆ ಬಂದಿದ್ದರೆ, ಎರಡೆರಡು ಸಲ ನೋಡಿ ನಕ್ಕಿದ್ದಾರೆ ಎಂದು ಗೊತ್ತಾಗುತ್ತಿತ್ತು. ನಾನು ನೋಡಿ ಮುಗಿಸಿ ಏಳುವ ಮೊದಲು ಅವರು ಬಿಟ್ಟ ಜಾಗಕ್ಕೇ ತಂದು ನಿಲ್ಲಿಸುತ್ತಿದ್ದೆ, ನಾಳೆ ಅವರು ಹುಡುಕಬಾರದಲ್ಲ. ಕೆಲವು ದಿನಗಳಲ್ಲಿ ಅವರೂ ಒಂದೊಂದು ಕಂತನ್ನು ಪೂರ್ತಿ ಮುಗಿಸಿಯೇ ಏಳತೊಡಗಿದರು, ನನಗೆ ಸುಲಭವಾಗಲೆಂದು. ಉಣ್ಣಲು ತಡವಾದವರಿಗೆ ಬಡಿಸಿ ಮುಚ್ಚಿಡುವ ಹಾಗೆ. ಒಮ್ಮೆ ಗೆರೆ ಅಲುಗಾಡದೆ ನಿಂತುಬಿಟ್ಟಿತು. ಆಚೆ ಕೆಲಸಕ್ಕೆ ಹೋಗುವ ಹೆಂಗಸನ್ನು ಕೇಳಿದೆ. ‘ಅಮ್ಮಾರಿಗೆ ಜ್ವರ, ಎದ್ದೇ ಇಲ್ಲ’ ಎಂದಳು. ಅವಳ ಕೈಯಲ್ಲೇ ಕಾಳುಮೆಣಸಿನ ಕಷಾಯ ಕಳಿಸಿದೆ. ಫೋನು ಮಾಡಲಿಲ್ಲ. ಫೋನು ಮಾಡಿದರೆ ಮೋಟಾರಿನ ಸುದ್ದಿಯನ್ನು ತಪ್ಪಿಸಿಕೊಂಡು ಮಾತಾಡಬೇಕು, ಅದು ಇಬ್ಬರಿಗೂ ಕಷ್ಟ. ಗೆರೆಗೆ ಆ ಕಷ್ಟ ಇರಲಿಲ್ಲ.

ಮೆಣಸು ಕೊಯ್ಯುವ ಕಾಲ. ಒಂದು ಮಧ್ಯಾಹ್ನ ಅಕ್ಕನಿಂದ ನನ್ನ ಫೋನಿಗೆ ಒಂದು ಫೋಟೋ ಬಂತು. ಅವರ ಟಿವಿಯ ಫೋಟೋ. ಕಪ್ಪು ಪರದೆಯ ಮೇಲೆ ಕನ್ನಡದಲ್ಲಿ ಬರೆದಿತ್ತು: ‘ಈ ಟಿವಿ ಈ ಖಾತೆಯ ಮನೆಯ ಭಾಗವಲ್ಲ.’ ಕೆಳಗೆ ಅಕ್ಕನ ಒಂದೇ ಸಾಲು: ‘ಇದೆಂತದು?’

ಕಂಪನಿಯವರ ಹೊಸ ನಿಯಮವಂತೆ. ಒಂದು ಖಾತೆಯನ್ನು ಒಂದೇ ಮನೆಯಲ್ಲಿ ನೋಡಬೇಕು, ಬೇರೆ ಕಡೆ ನೋಡುವುದಾದರೆ ಖಾತೆದಾರರ ಫೋನಿಗೆ ಬರುವ ಕೋಡು ಹಾಕಬೇಕು. ಹಾಗೆಂದು ಅಕ್ಕನಿಗೆ ಬರೆದೆ, ಕೋಡು ಕಳಿಸುತ್ತೇನೆ ಎಂದೆ. ಆದರೆ ಕೋಡು ಬರುವುದು ಇವರ ಫೋನಿಗೆ. ಇವರಿದ್ದದ್ದು ತೋಟದ ತಗ್ಗಿನಲ್ಲಿ, ಮೆಣಸಿನ ಏಣಿಗಳ ಹತ್ತಿರ, ಸಿಗ್ನಲ್ ಇಣುಕಿಯೂ ನೋಡದ ಜಾಗದಲ್ಲಿ. ಸಂಜೆ ಅವರು ಕಣಕ್ಕೆ ಹತ್ತಿ ಬಂದಾಗ ಫೋನು ಕಿಣಿಕಿಣಿ ಎಂದು ಕೋಡುಗಳನ್ನೆಲ್ಲ ಒಟ್ಟಿಗೆ ಉದುರಿಸಿತು. ಅಷ್ಟರಲ್ಲಿ ಅವೆಲ್ಲ ಅವಧಿ ಮೀರಿ ಕೆಲಸಕ್ಕೆ ಬಾರದವಾಗಿದ್ದವು. ಮಾರನೆಯ ದಿನವೂ ಹಾಗೇ ಆಯಿತು. ಆಮೇಲೆ ಅಕ್ಕ ಕೋಡು ಕೇಳಲಿಲ್ಲ.

ಈ ಕೋಡುಗಳೆಲ್ಲ ಎಂತಕ್ಕೆ ಎಂದು ಇವರು ಕೇಳಿದಾಗ ಹೇಳಲೇಬೇಕಾಯಿತು. ಕೇಳಿ ಇವರಿಗೆ ಕಂಪನಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ‘ದುಡ್ಡು ಕೊಡೋನು ನಾನು. ಯಾರು ನೋಡ್ಬೇಕು, ಯಾರು ನೋಡ್ಬಾರ್ದು ಅಂತ ಹೇಳೋಕೆ ಅವ್ರು ಯಾರು?’ ಎಂದು ಕಣದಲ್ಲಿ ನಿಂತೇ ಕಂಪನಿಗೆ ಫೋನು ಹಚ್ಚಿದರು. ಸ್ಪೀಕರಿನಲ್ಲಿಟ್ಟಿದ್ದರು. ಹುಡುಗಿಯೊಬ್ಬಳು ತುಂಬಾ ನಯವಾಗಿ ಕೇಳಿದಳು.

‘ಎರಡೂ ಟಿವಿ ಒಂದೇ ಮನೇಲಿದ್ಯಾ ಸರ್?’

‘ಒಂದೇ ಮನೆ.’

‘ಒಂದೇ ಇಂಟರ್‌ನೆಟ್ ಕನೆಕ್ಷನ್ನಾ ಸರ್?’

‘ಅಲ್ಲಮ್ಮ, ಅವ್ರು ಹಳ್ಳದಾಚೆ ಇರೋದು. ಅದಕ್ಕೆಂತ? ಹಳ್ಳ ದಾಟಿದ್ರೆ ಮನೆ ಬೇರೆ ಆಗುತ್ತಾ? ಅವ್ನು ನನ್ನ ಅಣ್ಣ. ಒಂದೇ ಹೊಟ್ಟೇಲಿ ಹುಟ್ಟಿದೋರು ನಾವು. ನನ್ನ ಸ್ಕೂಲಿಗೆ ಹೊತ್ಕೊಂಡು ಹೋದೋನು ಅವ್ನು. ನಾವು ಬೇರೆ ಆಗಿಲ್ಲ. ಬರ್ಕೊಳ್ಳಿ ಬೇಕಾದ್ರೆ, ನಮ್ದು ಒಂದೇ ಮನೆ!’

ನಾನು ಮೆಣಸು ಹರಡುತ್ತಿದ್ದವಳು ಕೈ ನಿಲ್ಲಿಸಿದೆ. ಹಿಸ್ಸೆಯಾದ ಮೇಲೆ ಇವರ ಬಾಯಲ್ಲಿ ‘ಅಣ್ಣ’ ಎಂಬ ಶಬ್ದ ಕೇಳಿದ್ದು ಅದೇ ಮೊದಲು. ಅದೂ ಇಟ್ಟಿಗೆಯ ಸಾಲಿನ ಪಕ್ಕದಲ್ಲೇ ನಿಂತು.

ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಳು. ಸ್ವಲ್ಪ ಹೆಚ್ಚು ಹಣ ಕಟ್ಟಿದರೆ ಅಣ್ಣನವರನ್ನು ‘ಹೆಚ್ಚುವರಿ ಸದಸ್ಯ’ ಎಂದು ಸೇರಿಸಬಹುದು ಎಂದಳು.

‘ಹೆಚ್ಚುವರಿನಾ? ನಮ್ಮಣ್ಣ ಹೆಚ್ಚುವರಿನಾ?’ ಇವರ ಧ್ವನಿ ಗುಡ್ಡಕ್ಕೆ ಬಡಿದು ವಾಪಸು ಬಂತು. ‘ಈ ಮನೇಲಿ ಅವ್ನು ನನಗಿಂತ ಮೊದ್ಲು ಹುಟ್ಟಿದೋನು ಕಣಮ್ಮ!’

ಕಟ್ಟಿಬಿಡಿ, ಹೆಸರು ಏನು ಬೇಕಾದರೂ ಇಟ್ಟುಕೊಳ್ಳಲಿ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಹಣದ ಪ್ರಶ್ನೆ ಅಲ್ಲವಂತೆ, ಮರ್ಯಾದೆಯ ಪ್ರಶ್ನೆಯಂತೆ. ಅಣ್ಣನಿಗಿಲ್ಲದ್ದು ನಮಗೂ ಬೇಡ ಎಂದು ಅವತ್ತೇ ಖಾತೆ ಮುಚ್ಚಿಸಿಬಿಟ್ಟರು. ಕಂಪನಿಗೆ ಬುದ್ಧಿ ಕಲಿಸಿದೆನೆಂಬ ಸಮಾಧಾನದಲ್ಲಿ ಎರಡು ಲೋಟ ಕಾಫಿ ಕುಡಿದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಅಕ್ಕ ಊಟ ಮಾಡಿದರೋ, ಮಲಗಿದರೋ, ನಕ್ಕರೋ, ಇನ್ನು ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಖಾತೆ ಮುಚ್ಚಿತೆಂದು ಅಕ್ಕನಿಗೆ ಬರೆದೆ. ‘ಆಯ್ತು’ ಎಂದು ಉತ್ತರ ಬಂತು. ಭಾವ ತಮ್ಮದೇ ಬೇರೆ ಖಾತೆ ಮಾಡಿಸಿಕೊಂಡರೆಂದು ಕೆಲಸದ ಹೆಂಗಸು ಹೇಳಿದಳು.

ಕ್ರಿಕೆಟ್ ಶುರುವಾದಾಗ ಇವರು ಮರ್ಯಾದೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ನಮ್ಮ ಖಾತೆಯನ್ನು ಮತ್ತೆ ತೆರೆಸಿದರು. ‘ಹೆಂಗಸ್ರು’ ಎಂಬ ಹೆಸರು ಹಾಗೇ ಇತ್ತು. ಸೀರಿಯಲ್ಲೂ ಅಕ್ಕ ಬಿಟ್ಟ ಜಾಗದಲ್ಲೇ ಇತ್ತು. ಅದನ್ನು ಮುಂದಕ್ಕೆ ಓಡಿಸಲು ನನಗೆ ಮನಸ್ಸಾಗಲಿಲ್ಲ, ಬೇರೇನೋ ಹಾಕಿಕೊಂಡು ನೋಡುತ್ತೇನೆ.

ಮೊನ್ನೆ ಮೂಡಿಗೆರೆಯಲ್ಲಿ ನೆಂಟರ ಮದುವೆಗೆ ನಾನೂ ಹೋಗಿದ್ದೆ, ಅಕ್ಕನೂ ಬಂದಿದ್ದರು. ಅಕ್ಕ ಬಂದು ನನ್ನ ಪಕ್ಕದ ಎಲೆಗೇ ಕೂತರು. ಸೊರಗಿಹೋಗಿದ್ದರು. ಮಕ್ಕಳ ವಿಷಯ, ಈ ಸಲದ ಫಸಲಿನ ವಿಷಯ ಮಾತಾಡಿದೆವು. ಪಾಯಸ ಬರುವ ಹೊತ್ತಿಗೆ ಅವರು ಎಲೆಯನ್ನೇ ನೋಡುತ್ತಾ ಕೇಳಿದರು.

‘ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಟಿವಿ ಮೇಲೆ ಹಾಗೆ ಬರೆಸಿ ಹಾಕ್ಸಿದ್ದು ನಿಂಗೆ ಮೊದ್ಲೇ ಗೊತ್ತಿತ್ತಾ?’

ನನಗೆ ಅರ್ಥವೇ ಆಗಲಿಲ್ಲ. ‘ಎಂತ ಬರೆಸಿದ್ದು ಅಕ್ಕ?’

‘ಖಾತೆ, ಮನೆ, ಭಾಗ ಅಂತ. ನಿಮ್ಮ ಭಾವ ಓದಿ, ಹಾಗೇ ಕೂತ್ಬಿಟ್ರು. “ಭಾಗ ಆಗಿದ್ದು ಸಾಲ್ಲಿಲ್ಲ ಅಂತ, ಈ ಮನೆ ಭಾಗವೇ ಅಲ್ಲ ನೀವು ಅಂತ ಬರೆಸಿದ್ದಾನೆ ನೋಡು” ಅಂದ್ರು. ಕಂಪನಿ ನಿಯಮ ಅಂತ ನೀನು ಬರೆದದ್ದು ಹೇಳಿದ್ರೆ, “ನಿಯಮ ಅವ್ರದ್ದಿರ್ಬೋದು, ಮಾತು ಇವಂದೇ” ಅಂದ್ರು. ಅವತ್ತು ಉಣ್ಲಿಲ್ಲ ಅವ್ರು.’

ಆಗ ನನಗೆ ತಲೆಗೆ ಹೋಯಿತು. ಹಿಸ್ಸೆಯಾದ ವರ್ಷವಿಡೀ ತಾಲೂಕು ಕಚೇರಿಯಲ್ಲಿ ನಾವು ಕೇಳಿದ್ದು ಅವೇ ಮೂರು ಶಬ್ದ. ಎಲ್ಲೋ ಕೂತು ಇಂಗ್ಲಿಷನ್ನು ಕನ್ನಡ ಮಾಡಿದವರಿಗೆ ಹಿಸ್ಸೆಯ ಮನೆಯಲ್ಲಿ ಆ ಶಬ್ದಗಳು ಹೇಗೆ ಕೇಳುತ್ತವೆ ಎಂದು ಏನು ಗೊತ್ತು? ಅದು ಕಂಪನಿಯವರೇ ಎಲ್ಲರಿಗೂ ಹಾಕುವ ಬರಹ ಎಂದು ಆಣೆ ಮಾಡಿ ಹೇಳಿದೆ. ಇವರು ಕಣದಲ್ಲಿ ನಿಂತು ಫೋನಿನಲ್ಲಿ ಕೂಗಾಡಿದ್ದನ್ನೂ ಹೇಳಿದೆ. ಒಂದೇ ಮನೆ ಅಂದದ್ದು, ನಮ್ಮಣ್ಣ ಹೆಚ್ಚುವರಿನಾ ಅಂದದ್ದು, ಒಂದೂ ಬಿಡಲಿಲ್ಲ.

ಅಕ್ಕನ ಕಣ್ಣು ತುಂಬಿತು. ‘ಕಂಪನಿಗೆ ಹೇಳಿದ್ರಾ?’ ಎಂದರು. ‘ನಮಗೆ ಹೇಳಿದ್ರೆ ಆಗ್ತಿತ್ತು ಮಾರಾಯ್ತಿ. ಈಗ ನಾನು ಹೋಗಿ ಹೇಳಿದ್ರೆ, ಓರಗಿತ್ತಿ ಕಟ್ಟಿದ ಕತೆ ಅಂತಾರೆ ನಿಮ್ಮ ಭಾವ.’

ಮನೆಗೆ ಬಂದು ಕಣದಲ್ಲಿದ್ದ ಇವರಿಗೆ ಎಲ್ಲವನ್ನೂ ಹೇಳಿದೆ. ಇವರ ಮುಖ ಸಪ್ಪಗಾಯಿತು. ಎದುರಿನ ಇಳಿಜಾರಿನ ಕಡೆ ತಿರುಗಿದರು. ಭಾವ ಅಂಗಳದಲ್ಲಿ ನೀರಿನ ಪೈಪು ಎಳೆಯುತ್ತಿದ್ದುದು ನಮಗೆ ಕಾಣುತ್ತಿತ್ತು. ಇವರು ಜೇಬಿನಿಂದ ಫೋನು ತೆಗೆದಾಗ, ದೇವರೇ, ಅಣ್ಣನಿಗೇ ಮಾಡುತ್ತಾರೆ ಅಂದುಕೊಂಡೆ.

ಕಂಪನಿಗೆ ಮಾಡಿದರು. ‘ಪ್ರತಿ ಸಲ ಈ ಕಾಲ್ ರೆಕಾರ್ಡ್ ಆಗುತ್ತೆ ಅಂತಾರಲ್ಲ’ ಎಂದರು ನನ್ನ ಕಡೆ ತಿರುಗಿ. ‘ಅವತ್ತು ನಾನು ಮಾತಾಡಿದ್ದು ಅವ್ರ ಹತ್ರ ಇದ್ದೇ ಇರುತ್ತೆ. ಅದನ್ನ ಇಸ್ಕೊಂಡು ಅಣ್ಣಂಗೆ ಕಳಿಸ್ತೀನಿ. ದುಡ್ಡು ಕೊಟ್ಟಿದೀನಿ, ಕೊಡ್ಲೇಬೇಕು ಅವ್ರು.’

ಫೋನಿನಲ್ಲಿ ಕಾಯಿಸುವ ಸಂಗೀತ ಶುರುವಾಯಿತು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ‘ರೀ, ಅದನ್ನ ಕಟ್ ಮಾಡಿ. ಸಂಕ ದಾಟಿ ಹೋಗಿ ಬರಾಣ, ನಡೀರಿ. ಅಲ್ಲೇ ಇದ್ದಾರೆ ನೋಡಿ ಭಾವ’ ಎಂದೆ.

ಅವರು ಕೈ ಅಡ್ಡ ಹಿಡಿದರು. ‘ತಡಿ ಮಾರಾಯ್ತಿ, ಲೈನಲ್ಲಿದೀನಿ. ಈಗ ಕಟ್ ಮಾಡಿದ್ರೆ ಮತ್ತೆ ಮೊದ್ಲಿಂದ ಕಾಯ್ಬೇಕು.’