ಸುಕ್ಕು ಬೀಳದ ಲಂಗ

ನಮ್ಮತ್ತೆಗೆ ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತೆರಡು ವರ್ಷದ ಸರ್ವೀಸು. ಅದರಲ್ಲಿ ಹದಿನಾಲ್ಕು ವರ್ಷ ಚೆಕಿಂಗ್ ಟೇಬಲ್. ಹೊಲಿದು ಬಂದ ಅಂಗಿಗಳನ್ನು ಒಂದೊಂದಾಗಿ ಬಿಡಿಸಿ, ಬಿಟ್ಟುಹೋದ ಹೊಲಿಗೆ, ಜೋತುಬಿದ್ದ ದಾರ, ಏರುಪೇರಾದ ಕಾಲರ್ ಹುಡುಕಿ ವಾಪಸ್ ಕಳಿಸುವ ಕೆಲಸ. ಮಿಷನ್ನಿನ ಹೆಂಗಸರು ಅವರಿಗೆ ಸೂಜಿಕಣ್ಣಮ್ಮ ಅಂತ ಹೆಸರಿಟ್ಟಿದ್ದರು. ಬೈದುಕೊಂಡೇ ಇಟ್ಟ ಹೆಸರು. ಅತ್ತೆ ಮಾತ್ರ ಅದನ್ನು ಪದಕದ ಹಾಗೆ ಹಾಕಿಕೊಂಡು ಓಡಾಡುತ್ತಿದ್ದರು.

ಹೋದ ತಿಂಗಳು ಅವರ ಟೇಬಲ್ ದಾಟಿ ಹೋದ ಅಂಗಿಗಳಲ್ಲಿ ಎರಡು ಸಲ ತಪ್ಪು ಸಿಕ್ಕಿತು. ಸೂಪರ್‌ವೈಸರ್ ಅವರನ್ನು ಟೇಬಲ್ಲಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದ. ಅತ್ತೆ ಮನೆಗೆ ಬಂದು, ವಯಸ್ಸಾಯಿತು, ಇನ್ನು ಕೆಲಸ ಬಿಟ್ಟು ಮೊಮ್ಮಗಳನ್ನು ನೋಡಿಕೊಂಡು ಇದ್ದುಬಿಡುತ್ತೇನೆ ಅಂದರು. ನನ್ನ ಹೆರಿಗೆ ರಜೆ ಮುಗಿಯುವ ಹೊತ್ತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಆ ಮಾತು ಹೇಳುವಾಗ ಅವರು ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತಿರಲಿಲ್ಲ.

ಮನಸ್ಸು ಸ್ವಲ್ಪ ಹಗುರಾಗಲಿ ಅಂತ ದಿನಾ ಸಂಜೆ, ಮಗು ಹಾಲು ಕುಡಿದು ಮಲಗಿದ ಮೇಲೆ, ಕನ್ನಡಕ್ಕೆ ಡಬ್ ಆದ ಕೊರಿಯನ್ ಧಾರಾವಾಹಿಯೊಂದನ್ನು ಹಾಕತೊಡಗಿದೆ. ಅದರಲ್ಲೊಬ್ಬ ಕೊಡೆ ರಿಪೇರಿಯವನು. ರಿಪೇರಿಗೆ ಕೊಟ್ಟು, ತಗೊಂಡು ಹೋಗುವ ಮೊದಲೇ ಸತ್ತವರು ಒಬ್ಬೊಬ್ಬರಾಗಿ ಬಂದು ತಮ್ಮ ಕೊಡೆ ಕೇಳುತ್ತಾರೆ. ಪುರುಸೊತ್ತೇ ಆಗಲಿಲ್ಲ ಅಂತ ಸಬೂಬು ಹೇಳುವ ದೆವ್ವ, ಹಿಡಿ ಬದಲಾಯಿಸಿದ್ದಕ್ಕೆ ಜಗಳ ತೆಗೆಯುವ ದೆವ್ವ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟು ದಿನವಾಗಿತ್ತೋ ಆ ನಗು ಕೇಳಿ.

ಆ ಧಾರಾವಾಹಿಯಲ್ಲೇ ಎದುರು ಮನೆಯ ಅಜ್ಜಿಯೊಬ್ಬಳು ದಿನಾ ಅವನ ಅಂಗಡಿಯ ಬೆಂಚಿನ ಮೇಲೆ ಕೂತು ಅವನಿಗೆ ಬುದ್ಧಿ ಹೇಳುತ್ತಾಳೆ. ಮೂರನೇ ಕಂತಿನಲ್ಲಿ ಅತ್ತೆ ತಣ್ಣಗೆ ಅಂದರು, “ಈಯಮ್ಮನೂ ಸತ್ತಿದಾಳೆ ಕಣೇ. ಮೂರು ದಿನದಿಂದ ಕೂತು ಎದ್ದು ಮಾಡ್ತಿದಾಳೆ, ಲಂಗದ ಹಿಂದೆ ಒಂದು ಸುಕ್ಕಿಲ್ಲ. ಅಪ್ಪಟ ಹತ್ತಿ ಬಟ್ಟೆ ಅದು.”

“ಅಮ್ಮ, ದೆವ್ವಗಳಿಗೂ ಚೆಕಿಂಗ್ ಶುರು ಮಾಡಿದ್ಯಾ?” ಅಂತ ನಮ್ಮ ಮನೆಯವರು ಕಿಚಾಯಿಸಿದರು. ಆರನೇ ಕಂತಿನಲ್ಲಿ ಅಜ್ಜಿ ತನ್ನ ಹಳೇ ಕೊಡೆ ಹಿಡಿದು ಗೋಡೆಯೊಳಗಿಂದ ನಡೆದು ಹೋದಳು. ಮನೆಯವರು ರಿಮೋಟ್ ಅತ್ತೆಯ ಕೈಗೆ ಕೊಟ್ಟರು.

ನನಗೆ ಅಲ್ಲೇ ತಲೆಗೆ ಹುಳ ಹೊಕ್ಕಿತು. ಕೋಣೆಯ ಆ ತುದಿಯಲ್ಲಿರುವ ಟೀವಿಯಲ್ಲಿ ಲಂಗಕ್ಕೆ ಸುಕ್ಕಿಲ್ಲದ್ದನ್ನು ಕಂಡವರಿಗೆ ಕೈಯಲ್ಲಿರುವ ಅಂಗಿಯ ಹೊಲಿಗೆ ಹೇಗೆ ತಪ್ಪುತ್ತದೆ? ಮಗುವಿನ ಜ್ವರದ ಔಷಧಿ ಬಾಟಲಿ ಕೊಟ್ಟು, ಎಷ್ಟು ಹನಿ ಅಂತ ಓದಿ ಹೇಳಿ ಅಂದೆ. ಅತ್ತೆ ಬಾಟಲಿಯನ್ನು ದೂರ ಹಿಡಿಯಲು ಕೈ ಪೂರ್ತಿ ಚಾಚಿದರು. ಸಾಲಲಿಲ್ಲ. ಆಮೇಲೆ ಬಾಯಿಬಿಟ್ಟರು: ಆರು ತಿಂಗಳಿಂದ ಹತ್ತಿರದ್ದು ಮಸುಕಂತೆ. ಕನ್ನಡಕ ಹಾಕಿದರೆ ಚೆಕಿಂಗಿಂದ ತೆಗೀತಾರೆ ಅಂತ ಮುಚ್ಚಿಟ್ಟಿದ್ದರಂತೆ. ಹಾಗಂತ ಹೇಳಿದ್ದು ಯಾರು ಅಂದರೆ, ಯಾರೂ ಇಲ್ಲ, ಅವರದೇ ತೀರ್ಮಾನ.

“ಕಣ್ಣು ಹೋಗಿಲ್ಲ ಅತ್ತೆ, ಗಾಜು ಬೇಕಷ್ಟೇ. ಮಗುವಿಗೆ ನಾನು ಬೇರೆ ಏರ್ಪಾಡು ಮಾಡ್ತೀನಿ, ನೀವು ಹೋಗಿ ನಿಮ್ಮ ಟೇಬಲ್ ಕೇಳಿ,” ಅಂದೆ. ಶನಿವಾರವೇ ಕನ್ನಡಕ ಮಾಡಿಸಿದೆವು.

ಸೋಮವಾರ ನಡೆದದ್ದನ್ನು ಜೊತೆಯ ಹೆಂಗಸರು ಸಂಜೆ ನಮ್ಮ ಬಾಗಿಲವರೆಗೆ ಬಂದು ಹೇಳಿಹೋದರು. ಅತ್ತೆ ನೇರ ಸೂಪರ್‌ವೈಸರ್ ಮುಂದೆ ನಿಂತು, ಒಂದು ಕಟ್ಟು ಕೊಟ್ಟು ನೋಡಿ ಅಂದರಂತೆ. ಇಪ್ಪತ್ತು ಅಂಗಿಯಲ್ಲಿ ನಾಲ್ಕನ್ನು ಪಕ್ಕಕ್ಕಿಟ್ಟರಂತೆ. ಮೂರರ ತಪ್ಪು ಎಲ್ಲರಿಗೂ ಕಂಡಿತು. ನಾಲ್ಕನೆಯದನ್ನು ಆತ ತಿರುಗಿಸಿ ಮುರುಗಿಸಿ ನೋಡಿ ಸರಿಯಾಗೇ ಇದೆ ಅಂದಾಗ, ಬಲಗೈ ಪಟ್ಟಿ ಅಳೆಯಿರಿ ಅಂದರಂತೆ ಅತ್ತೆ. ಟೇಪ್ ಹಿಡಿದರೆ, ಎಡಗಡೆಯದಕ್ಕಿಂತ ಕೂದಲೆಳೆಯಷ್ಟು ಕಮ್ಮಿ. ಸುತ್ತಲೂ ಮಿಷನ್ನುಗಳು ನಿಂತುಹೋಗಿದ್ದವಂತೆ.

ಆತ ಟೇಪ್ ಸುತ್ತಿಕೊಳ್ಳುತ್ತಾ, ನಾಳೆಯಿಂದ ಟೇಬಲ್ಲಿಗೆ ಬನ್ನಿ ಅಂದ.

“ನಾಳೆ ಯಾಕೆ, ಇವತ್ತೇ ಬಂದಿದೀನಲ್ಲ,” ಅಂತ ಅತ್ತೆ ಇನ್ನೊಂದು ಕಟ್ಟು ಬಿಚ್ಚಿದರಂತೆ.