ನಮ್ಮತ್ತೆಯ ಕ್ರಿಸ್‌ಮಸ್ ತಾಟು

ಕೂಡ್ಲಿಗಿ ಬಸ್ ನಿಲ್ದಾಣದ ಎದುರಿನ ಬೇಕರಿಯವನು ಈ ಸಲ ಗಾಜಿನ ಪೆಟ್ಟಿಗೆಯೊಳಗೆ ಹತ್ತಿ ಹರಡಿದ್ದಾನೆ. ಹಿಮವಂತೆ. ಅದರ ಮೇಲೊಂದು ಕೆಂಪು ಟೊಪ್ಪಿಗೆಯ ಗೊಂಬೆ, ಪಕ್ಕದಲ್ಲಿ ಪ್ಲಾಸ್ಟಿಕ್ ಸುತ್ತಿದ ಪ್ಲಮ್ ಕೇಕು. ನಮ್ಮ ಕಡೆಯ ಡಿಸೆಂಬರ್ ನೀವು ಕಂಡಿರದಿದ್ದರೆ ಹೇಳುತ್ತೇನೆ: ಹಿಮದ ಮಾತು ಬಿಡಿ, ಇಲ್ಲಿ ಇಬ್ಬನಿ ಬೀಳುವುದೂ ಅಷ್ಟಕ್ಕಷ್ಟೆ. ಒಣಗಾಳಿಗೆ ತುಟಿ ಒಡೆಯುತ್ತದೆ, ಚಿತ್ರದುರ್ಗದ ಬಸ್ಸೊಂದು ಹಾದುಹೋದರೆ ಕೊಂಡ ಕೊತ್ತಂಬರಿಯ ಮೇಲೆಲ್ಲ ಧೂಳು. ಹಾಗೆ ಧೂಳು ಕುಡಿಯುತ್ತ ತರಕಾರಿ ಚೀಲ ಹಿಡಿದು ನಿಂತಿದ್ದವಳ ಮೂಗಿಗೆ ಒಳಗಿನಿಂದ ಲವಂಗ ಮತ್ತು ಕಂದಿದ ಸಕ್ಕರೆಯ ವಾಸನೆ ಬಂತು.

"ಅಕ್ಕಾರ, ಕೇಕ್ ಕಟ್ಲೇನ್ರಿ?" ಎಂದ ಹುಡುಗ.

"ಬ್ಯಾಡಪ್ಪ, ವಾಸನಿ ಸಾಕು," ಎಂದೆ.

ಅವನು ತಮಾಷೆ ಎಂದುಕೊಂಡು ನಕ್ಕ. ನನಗೆ ನಿಜವಾಗಿಯೂ ವಾಸನೆಯೇ ಸಾಕಾಗಿತ್ತು. ಬಸ್ ನಿಲ್ದಾಣದಿಂದ ಮನೆಯವರೆಗೆ ನಾನು ನಡೆದದ್ದು ಕೂಡ್ಲಿಗಿಯ ಬೀದಿಯಲ್ಲಲ್ಲ, ಸ್ಟೆಲ್ಲಾ ಸಿಸ್ಟರ್ ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಆ ವರ್ಷಗಳಲ್ಲಿ.

ನಾನು ಹರಪನಹಳ್ಳಿಯಿಂದ ಮದುವೆಯಾಗಿ ಬಂದ ಹೊಸತು. ನನ್ನ ಮಾತು ದಾವಣಗೆರೆಯತ್ತ ಸ್ವಲ್ಪ ವಾಲುತ್ತಿದ್ದುದರಿಂದ ಬಾಯಿ ತೆರೆದರೆ ಅತ್ತೆ ನಗುತ್ತಿದ್ದರು. ಹಾಗಾಗಿ ಬಾಯಿಯನ್ನು ತಿನ್ನಲಷ್ಟೇ ತೆರೆಯುವುದೆಂದು ನಾನು ತೀರ್ಮಾನಿಸಿದ್ದೆ. ಆ ವರ್ಷವೇ ಸ್ಟೆಲ್ಲಾ ಸಿಸ್ಟರ್ ನಮ್ಮೂರ ಆಸ್ಪತ್ರೆಗೆ ವರ್ಗವಾಗಿ ಬಂದರು. ಮಂಗಳೂರು ಕಡೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಗಂಡನಿಗೆ ಹಡಗಿನಲ್ಲಿ ಕೆಲಸ, ವರ್ಷದ ಹೆಚ್ಚು ಪಾಲು ನೀರಿನ ಮೇಲೇ. ಹೀಗಾಗಿ ಮೇಲಿನ ಎರಡು ಕೋಣೆಗಳಲ್ಲಿ ಅವರೊಬ್ಬರೇ. ಅತ್ತೆ ಅವರನ್ನು 'ಸಿಸ್ಟರವ್ವ' ಎಂದು ಕರೆಯುತ್ತಿದ್ದರು. ನಮ್ಮ ಭಾಗದಲ್ಲಿ ಹೆಸರಿನ ಬಾಲಕ್ಕೊಂದು 'ಅವ್ವ' ಸೇರಿದರೆ ಅರ್ಧ ಸಂಬಂಧ ಬೆಳೆದ ಹಾಗೆ. ಉಳಿದರ್ಧ ಬೆಳೆದದ್ದು ಡಿಸೆಂಬರಿನಲ್ಲಿ.

ಕ್ರಿಸ್‌ಮಸ್ಸಿನ ಮುಂಚಿನ ದಿನ ಸಿಸ್ಟರ್ ದೊಡ್ಡದೊಂದು ತಾಟು ತಂದುಕೊಟ್ಟು, ಡ್ಯೂಟಿಯಿಂದ ಆಗ ತಾನೇ ಬಂದೆ, ಸ್ನಾನ ಆಗಬೇಕು ಎಂದು ಮೇಲೆ ಹೋದರು. ತಾಟಿನ ಮೇಲೆ ಕೈಯಲ್ಲಿ ಹೆಣೆದ ಬಿಳಿಯ ಲೇಸಿನ ಬಟ್ಟೆ. ಬಟ್ಟೆ ಸರಿಸಿದರೆ ಹೂವಿನ ಅಚ್ಚಿನಲ್ಲಿ ಕರಿದ ಗರಿಗರಿ ರೋಜ್ ಕುಕ್ಕಿ, ಸಕ್ಕರೆ ಪಾಕ ಮೆತ್ತಿದ ಪುಟ್ಟ ಪುಟ್ಟ ಸುರುಳಿಗಳು, ಅರ್ಧಚಂದ್ರದಂಥ ಕಡುಬುಗಳು, ಮಧ್ಯದಲ್ಲಿ ಕಂದು ಬಣ್ಣದ ಕೇಕು. ನನ್ನ ಕೈ ಹೊರಟೇಬಿಟ್ಟಿತ್ತು.

"ತಡಿ ಬೇ," ಎಂದರು ಅತ್ತೆ. "ತತ್ತಿ ಹಾಕಿರ್ತಾರ."

ಅತ್ತೆ ಕೊರಳಲ್ಲಿ ಲಿಂಗ ಕಟ್ಟಿದವರು. ಸ್ನಾನ ಮಾಡದವರು ಅವರ ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಹೀಗಿರುವಾಗ ಮೊಟ್ಟೆಯ ಗತಿ ಏನು? ತಾಟು ಒಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲಿಟ್ಟು ಅದರ ಮೇಲೊಂದು ಬಿದಿರಿನ ಪುಟ್ಟಿ ಕವುಚಿದರು. ಕೋಳಿಮರಿ ಮುಚ್ಚಿದ ಹಾಗೆ. ನಾನು ಕಸ ಗುಡಿಸುವ ನೆಪದಲ್ಲಿ ಕಟ್ಟೆಯ ಸುತ್ತ ಸುಳಿದಾಡಿದೆ. ಆ ಕಟ್ಟೆ ಅಷ್ಟು ಸ್ವಚ್ಛವಾಗಿದ್ದದ್ದು ಅದಕ್ಕೂ ಮುಂಚೆ ಇಲ್ಲ, ಆಮೇಲೂ ಇಲ್ಲ.

ಕೊನೆಗೆ ಅತ್ತೆಗೇ ಕಸಿವಿಸಿಯಾಯಿತು. "ಮ್ಯಾಲ ಹೋಗಿ ಕೇಳಿ ಬಾ. ಹಂಗ ಎದಿ ಮ್ಯಾಲ ಹೊಡದಂಗ ಕೇಳಬ್ಯಾಡ, ನಾಜೂಕಾಗಿ ಕೇಳು," ಎಂದು ನನ್ನನ್ನು ಕಳಿಸಿದರು.

ನಾಜೂಕಾದ ಮಾತೊಂದನ್ನು ಹೊಂದಿಸಿಕೊಳ್ಳುತ್ತ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಿತ್ತು. ಒಳಗೆ ಮೇಜಿನ ಮೇಲೆ, ಮಂಚದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಹಾಗೇ ಲೇಸು ಮುಚ್ಚಿದ ತಾಟುಗಳು. ಅವುಗಳ ನಡುವೆ ಸಿಸ್ಟರ್ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು.

"ಇಷ್ಟೊಂದು ಯಾರಿಗೆ ಸಿಸ್ಟರ್?" ಎಂದೆ.

"ಅದೇ ನೋಡಿ," ಎಂದು ನಕ್ಕರು. "ಅಭ್ಯಾಸ ಬಲದಿಂದ ಮಾಡಿಬಿಟ್ಟೆ. ಊರಲ್ಲಾದ್ರೆ ನಮಗೆ ಪ್ಲೇಟು ಸಾಲುವುದಿಲ್ಲ. ಇಲ್ಲಿ ಮನೆ ಸಾಲುವುದಿಲ್ಲ ಮಾರಾಯ್ತಿ. ಕೊಡ್ಲಿಕ್ಕೆ ಮನೆ ಇಲ್ಲದಿದ್ರೆ ಅದೆಂಥ ಕ್ರಿಸ್‌ಮಸ್ ಅಲ್ವಾ?"

ನಕ್ಕರೇನೋ ಸರಿ. ಆದರೆ ಮಾತಿನ ಕೊನೆಗೆ ದನಿ ಒಡೆಯಿತು. ನನ್ನ ನಾಜೂಕೆಲ್ಲ ಹಾರಿಹೋಗಿ, "ಮೊಟ್ಟೆ ಹಾಕೀರಾ ಸಿಸ್ಟರ್?" ಎಂದು ಎದೆಗೆ ಹೊಡೆದ ಹಾಗೆಯೇ ಕೇಳಿಬಿಟ್ಟೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ದೇವರೇ, ನನಗೆ ಹೊಳೀಲೇ ಇಲ್ಲ! ಕೇಕಿಗೂ ಹೂವಿಗೂ ಉಂಟು. ನೆವ್ರಿಗೆ, ಕಿಡಿಯೊಗೆ ಇಲ್ಲ." ನೆವ್ರಿ ಎಂದರೆ ಆ ಕಡುಬುಗಳು, ಕಿಡಿಯೊ ಎಂದರೆ ಸುರುಳಿಗಳು.

ಕೆಳಗೆ ಬಂದು ಇದ್ದದ್ದು ಇದ್ದಂತೆ ಹೇಳಿದೆ. ತಾಟುಗಳ ನಡುವೆ ಒಬ್ಬರೇ ಕೂತಿರುವುದನ್ನೂ ಹೇಳಿದೆ. ಅತ್ತೆ ಕಟ್ಟೆಗೆ ಬಂದು ಪುಟ್ಟಿ ಎತ್ತಿ, ಒಂದು ನೆವ್ರಿ ತೆಗೆದು ಮುರಿದು ಮೂಸಿದರು. ಒಂದು ಚೂರು ಬಾಯಿಗೆ ಹಾಕಿಕೊಂಡರು.

"ಇದು ನಮ್ಮ ಕರಿಗಡಬು!" ಎಂದರು. ದಾರಿಯಲ್ಲಿ ತವರಿನವರು ಸಿಕ್ಕವರ ಹಾಗೆ ಮುಖ ಅರಳಿತ್ತು. "ಹೂರಣಕ್ಕ ಎಳ್ಳು ಹಾಕ್ಯಾಳ, ಛಲೋ ಆಗೈತಿ. ಅಂಚು ಮಾತ್ರ ಕತ್ರಿ ಹಚ್ಚಿದಂಗ ಐತಿ. ಮಡಚಾಕ ಬರಂಗಿಲ್ಲೇನ ಇಕಿಗೆ?"

"ಕೇಕು, ಹೂವು ಏನ್ ಮಾಡ್ಲಿ ಅತ್ತಿ?"

"ನಿನ್ನ ಗಂಡಗ ಕೊಡು. ಬಸ್ ಸ್ಟ್ಯಾಂಡಿನ್ಯಾಗ ಆಮ್ಲೆಟ್ ತಿಂತಾನ, ನಮ್ಮವ್ವಗ ಗೊತ್ತಿಲ್ಲ ಅಂತ ತಿಳ್ಕೊಂಡಾನ."

ಹಾಗೆಂದವರು ಸೆರಗು ಸಿಕ್ಕಿಸಿಕೊಂಡು, ಕಡುಬಿನ ಅಂಚು ಮಡಚುವುದು ಹೇಗೆಂದು ತೋರಿಸಲು ಮೆಟ್ಟಿಲು ಹತ್ತಿಯೇಬಿಟ್ಟರು. ಮಹಡಿ ಬಾಡಿಗೆಗೆ ಕೊಟ್ಟ ಮೇಲೆ ಅವರು ಮೇಲೆ ಕಾಲಿಟ್ಟದ್ದು ಅದೇ ಮೊದಲು. ಇಳಿದು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಮರುದಿನ ಉಳಿದ ತಾಟುಗಳಿಗೂ ಮನೆ ಸಿಕ್ಕವು. ಅತ್ತೆ ಮುಂದೆ, ಸಿಸ್ಟರ್ ಹಿಂದೆ, ನಾನು ತಾಟು ಹೊತ್ತು ಅವರ ಹಿಂದೆ, ಇಡೀ ಓಣಿ ಸುತ್ತಿದೆವು. "ತತ್ತಿ ಹಾಕಿದವು ಎಡಕ್ಕ, ಹಾಕಲಾರದ್ದು ಬಲಕ್ಕ" ಎಂದು ಪ್ರತಿ ಬಾಗಿಲಲ್ಲೂ ಅತ್ತೆಯೇ ವಿವರಿಸುತ್ತಿದ್ದರು.

ಮುಂದಿನ ವರ್ಷದಿಂದ ಮೊಟ್ಟೆ ಪೂರ್ತಿ ನಿಂತಿತು. ಕೇಕಿಗೆ ಮೊಸರು ಬಂತು, ರೋಜ್ ಕುಕ್ಕಿಗೆ ತೆಂಗಿನ ಹಾಲು. 'ಕಿಡಿಯೊ' ಎಂದರೆ ಕೊಂಕಣಿಯಲ್ಲಿ ಹುಳುಗಳು ಎಂದು ಗೊತ್ತಾದ ದಿನ ಅತ್ತೆ ಗಾಬರಿಬಿದ್ದು, "ತಿನ್ನೋದಕ್ಕ ಯಾರರ ಹುಳಾ ಅಂತ ಹೆಸರಿಡ್ತಾರೇನ?" ಎಂದು ಅದಕ್ಕೆ 'ಶಂಖ' ಎಂದು ನಾಮಕರಣ ಮಾಡಿದರು. ಮೈದಾ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೊತ್ತಿ, ಗೆರೆ ಮೂಡಿಸಿ ಸುರುಳಿ ಸುತ್ತಬೇಕು. ನಾನು ಸುತ್ತಿದವು ಎಣ್ಣೆಗೆ ಬಿದ್ದ ಕೂಡಲೇ ಬಿಚ್ಚಿಕೊಂಡು ಚಪ್ಪಟೆಯಾಗುತ್ತಿದ್ದವು. ಅವನ್ನು ಯಾರಿಗೂ ಕೊಡುವಂತಿರಲಿಲ್ಲವಾಗಿ ನಾನೇ ತಿನ್ನಬೇಕಾಗುತ್ತಿತ್ತು. ಕಲಿಯಲು ನಾನೇಕೆ ಅವಸರ ಮಾಡಲಿಲ್ಲ ಎಂಬುದು ನಿಮಗೆ ಅರ್ಥವಾಗಿರಬೇಕು.

ದ್ರಾಕ್ಷಿಯ ಪಾನಕದ ಕಥೆ ಬೇರೆಯೇ ಇದೆ. ಹೊಸಪೇಟೆಯಿಂದ ತರಿಸಿದ ಕಪ್ಪುದ್ರಾಕ್ಷಿಯನ್ನು ಸಕ್ಕರೆ, ಲವಂಗ, ಚಕ್ಕೆ ಹಾಕಿ ಕುದಿಸಿ, ಸೋಸಿ, ಆರಿಸಿ ಸಿಸ್ಟರ್ ಒಂದು ಬಾಟಲಿ ಕಳಿಸಿದರು. ಬಾಟಲಿಯ ಬಣ್ಣ, ಆಕಾರ ನೋಡಿದ ಮಾವನವರು ಅದು ವೈನೇ ಎಂದು ನಂಬಿಬಿಟ್ಟರು. ಹುಟ್ಟಿದಾಗಿನಿಂದ ವೀಳ್ಯದೆಲೆಗಿಂತ ಖಾರದ ಚಟ ಕಾಣದ ಮನುಷ್ಯ. "ಹಬ್ಬಕ್ಕ ಕೊಟ್ಟದ್ದನ್ನ ಒಲ್ಲೆ ಅನಬಾರದು," ಎಂದು ತಾವೇ ಸಮಾಧಾನ ಹೇಳಿಕೊಂಡು, ಕಣ್ಣು ಮುಚ್ಚಿ ಒಂದು ಲೋಟ ಇಳಿಸಿದರು. ಸ್ವಲ್ಪ ಹೊತ್ತಿಗೆ "ತಲಿ ಯಾಕೋ ಜುಂ ಅಂತೈತಿ," ಎಂದರು. ಗೋಡೆ ಹಿಡಿದು ನಡೆದರು. ಭಜನೆಯ ಪದವೊಂದನ್ನು ಎಂದೂ ಇಲ್ಲದಷ್ಟು ಏರಿದ ದನಿಯಲ್ಲಿ ಹಾಡಿದರು. ಆಮೇಲೆ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, "ನಿನಗ ನಾ ಭಾಳ ಕಾಡೀನಿ," ಎಂದು ಕಣ್ಣೀರು ಹಾಕಿದರು. ಗದ್ದಲ ಕೇಳಿ ಸಿಸ್ಟರ್ ಓಡಿಬಂದು, "ಅಪ್ಪಾ, ಅದು ಬರೀ ಕುದಿಸಿದ ದ್ರಾಕ್ಷಿ, ಎಂಥದೂ ಇಲ್ಲ ಅದ್ರಲ್ಲಿ!" ಎಂದರು.

ಮಾವ ಕಣ್ಣೊರೆಸಿಕೊಂಡು, "ಹೌದಾ? ಹಂಗಾದ್ರ ಇಳೀತು ಬಿಡು," ಎಂದು ನೆಟ್ಟಗೆ ಕೂತರು.

"ಸಿಸ್ಟರವ್ವ, ಮುಂದಿನ ವರ್ಷ ಎಲ್ಡು ಬಾಟ್ಲಿ ಕೊಡವ್ವ," ಎಂದರು ಅತ್ತೆ. "ಇಷ್ಟು ವರ್ಷಕ್ಕ ಒಂದು ಛಲೋ ಮಾತು ಆಡ್ಯಾರ."

ಊರಿಗೆಲ್ಲ ಚಿಕೂನ್‌ಗುನ್ಯಾ ಬಂದ ವರ್ಷ ಮಾತ್ರ ಇದೆಲ್ಲ ನಿಂತುಹೋಗುವುದರಲ್ಲಿತ್ತು. ಮನೆಮನೆಯಲ್ಲೂ ಜನ ಗೋಡೆ ಹಿಡಿದು ನಡೆಯುತ್ತಿದ್ದರು. ಈ ಸಲ ನಿಜವಾಗಿಯೇ. ವಾರ್ಡಿನಲ್ಲಿ ತಿಂಗಳುಗಟ್ಟಲೆ ಓಡಾಡಿದ ಸಿಸ್ಟರನ್ನೂ ಕೊನೆಗೆ ಜ್ವರ ಮಲಗಿಸಿತು. ಜ್ವರ ಬಿಟ್ಟು ಡ್ಯೂಟಿಗೇನೋ ಹೋಗತೊಡಗಿದರು, ಕೈಬೆರಳು ಮಾತ್ರ ಮಡಚಲು ಬಾರದಾದವು. ಡಿಸೆಂಬರ್ ಅರ್ಧ ಕಳೆದಾಗ ಮೆಟ್ಟಿಲ ಮೇಲೆ ಕೂತು, "ಈ ವರ್ಷ ಬೇಡಮ್ಮ. ಒಂದು ಚಮಚ ಹಿಡೀಲಿಕ್ಕೂ ಆಗುವುದಿಲ್ಲ," ಎಂದರು. ಗಂಡನ ಹಡಗೂ ಆ ಸಲ ಎಲ್ಲೋ ದೂರದಲ್ಲಿತ್ತು.

"ಯಾಕ ಬ್ಯಾಡ?" ಎಂದರು ಅತ್ತೆ. "ನಿನ್ನ ಕೈ ಬಾತಾವು ಅಂತ ಯೇಸು ಹುಟ್ಟೋದು ಬಿಡ್ತಾನೇನು?"

ಮರುದಿನವೇ ನಮ್ಮ ಅಡುಗೆಮನೆಯಲ್ಲಿ ಮೈದಾ ಜರಡಿಗೆ ಬಿತ್ತು. ಓಣಿಯ ಹೆಂಗಸರು ತಂತಮ್ಮ ಬಾಚಣಿಗೆ ಹಿಡಿದು ಬಂದರು. ಹೊಸದೇ ಇರಬೇಕೆಂದು ಅತ್ತೆ ಒಂದೊಂದನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಆಸ್ಪತ್ರೆಯಿಂದ ನೇರ ಬಂದ ಸಿಸ್ಟರ್ ಎಂದಿನಂತೆ ಹೊಸ್ತಿಲಾಚೆಯೇ ಕುರ್ಚಿ ಹಾಕಿಕೊಂಡು ಕೂತರು. ಅಲ್ಲಿಂದಲೇ ಪಾಕ ಎಷ್ಟಿರಬೇಕು, ಎಣ್ಣೆ ಎಷ್ಟು ಕಾಯಬೇಕು ಎಂದು ಹೇಳುತ್ತಿದ್ದರು. ಒಲೆಯ ಸದ್ದಿಗೆ ಅರ್ಧ ಕೇಳಿಸುತ್ತಿರಲಿಲ್ಲ. ಅತ್ತೆ ಜಾಲರಿ ಸೌಟು ಹಿಡಿದು ತಿರುಗಿ ನೋಡಿದರು.

"ಅಲ್ಲೇನ್ ಕುಂತಿ? ಒಳಗ ಬಾ."

"ಸ್ನಾನ ಆಗಲಿಲ್ಲಮ್ಮ. ವಾರ್ಡಿಂದ ಬಂದದ್ದು."

"ಕೈಕಾಲು ತೊಳ್ಕೊಂಡು ಬಾ. ಬಾಗಲಾಗ ಕುಂತು ಹೇಳಿದ್ರ ನನಗ ಹೆಂಗ ಕೇಳಬೇಕು?"

ಓಣಿಯ ಹೆಂಗಸರ ಬಾಚಣಿಗೆಗಳು ಒಂದು ಕ್ಷಣ ನಿಂತವು. ಸಿಸ್ಟರ್ ಕೈಕಾಲು ತೊಳೆದು ಬಂದರು. ಅತ್ತೆ ತಮ್ಮ ಮಣೆಯನ್ನೇ ಅವರತ್ತ ಸರಿಸಿ, ತಾವು ನೆಲದ ಮೇಲೆ ಕೂತರು. ಬಾತ ಬೆರಳುಗಳಿಂದಲೇ ಸಿಸ್ಟರ್ ಒಂದು ಶಂಖ ಸುತ್ತಿದರು. ಅದು ಎಣ್ಣೆಯಲ್ಲಿ ಬಿಚ್ಚಿಕೊಂಡು ನನ್ನದರ ಹಾಗೇ ಚಪ್ಪಟೆಯಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಅತ್ತೆ ಡಬ್ಬಿ ಹೊತ್ತು ತಾವೇ ವಾರ್ಡಿಗೆ ಹೋದರು. ಸಿಸ್ಟರೂ ನಾನೂ ಹಿಂದೆ. ಮಂಚದಿಂದ ಮಂಚಕ್ಕೆ ಎಲ್ಲರ ಕೈಗೂ ಒಂದೊಂದು ಕಡುಬು, ಒಂದೊಂದು ಹಿಡಿ ಶಂಖ. ಹೊಸಹಳ್ಳಿ ಕಡೆಯ ಮುದುಕಿಯೊಬ್ಬಳು ಕಡುಬನ್ನು ತಿರುವಿ ನೋಡಿ ಕೇಳಿದಳು:

"ಯಾರ ಮನಿ ಮದುವಿ ಬೇ?"

"ಮದುವಿ ಅಲ್ಲವ್ವ, ತೊಟ್ಲ," ಎಂದರು ಅತ್ತೆ. "ನಮ್ಮ ಸಿಸ್ಟರವ್ವನ ಮನ್ಯಾಗ."

"ಗಂಡೋ, ಹೆಣ್ಣೋ?"

"ಗಂಡು."

"ನೂರು ವರ್ಷ ಬಾಳಲಿ," ಎಂದು ಮುದುಕಿ ಬಾತ ಕೈಯನ್ನೇ ಎತ್ತಿ ಹರಸಿದಳು. ಪಕ್ಕದಲ್ಲಿದ್ದ ಸಿಸ್ಟರ್ ಸೆರಗು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ನಾನು ಕೇಳಲಿಲ್ಲ.

ಸಿಸ್ಟರ್ ತಮ್ಮ ಕಡೆಗೆ ವರ್ಗ ಮಾಡಿಸಿಕೊಂಡು ಹೋಗಿ ಎಷ್ಟೋ ವರ್ಷಗಳಾದವು. ಈಗ ನಿವೃತ್ತಿಯೂ ಆಗಿದೆ, ಗಂಡನೂ ನೆಲಕ್ಕಿಳಿದಿದ್ದಾರೆ. ಫೋನಿನ ಪರದೆಯಲ್ಲಿ ಅವರ ಮುಖ ಕಂಡರೆ ಸಾಕು, "ಸೊರಗೀದಿ ಬೇ," ಎನ್ನುತ್ತಾರೆ ಅತ್ತೆ. ಸಿಸ್ಟರ್ ಮೊದಲಿಗಿಂತ ಎರಡರಷ್ಟಾಗಿದ್ದಾರೆ. ಮಾವ ಈಗಿಲ್ಲ. ಎಂಬತ್ತು ದಾಟಿದ ಅತ್ತೆಗೆ ಕಿವಿ ಸ್ವಲ್ಪ ಮಂದ, ನಾಲಿಗೆ ಮೊದಲಿನಷ್ಟೇ ಚುರುಕು. ಮಹಡಿ ಖಾಲಿ ಬಿದ್ದಿದ್ದ ಈ ಕೆಲವು ವರ್ಷಗಳಲ್ಲಿ ಡಿಸೆಂಬರ್ ಬಂದರೆ ನಾವು ಸಿಸ್ಟರಿಗೆ ಫೋನು ಮಾಡಿ ಸುಮ್ಮನಾಗುತ್ತಿದ್ದೆವು.

ಮೊನ್ನೆ ಬೇಕರಿಯ ಮುಂದಿನಿಂದ ಮನೆಗೆ ಬಂದವಳು ಚೀಲ ಇಳಿಸುತ್ತ, "ಅತ್ತಿ, ಈ ವರ್ಷ ಮಾಡೋಣೇನು?" ಎಂದೆ. ಕೇಳಿದ್ದೇ ತಡ, ಅವರು ಎದ್ದು ಒಲೆಯ ಕಡೆ ನಡೆದಿದ್ದರು. ಈಗ ಅವರ ಬೆರಳಿಗೆ ಶಂಖ ಸುತ್ತಲಾಗದು. ಕೂತು ಹುಕುಂ ಕೊಟ್ಟರು. ಸುತ್ತಿದವಳು ನಾನು. ಒಂದೂ ಬಿಚ್ಚಿಕೊಳ್ಳಲಿಲ್ಲ ಎಂದು ಇಲ್ಲಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಮಹಡಿಗೆ ಹೋದ ತಿಂಗಳು ಹೊಸಬರು ಬಂದಿದ್ದಾರೆ. ಮೈಸೂರು ಕಡೆಯ ಎಳೆಯ ದಂಪತಿ. ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ, ಹುಡುಗಿಗೆ ಇಡೀ ದಿನ ಕಿಟಕಿಯಲ್ಲಿ ನಿಂತು ನಮ್ಮ ಧೂಳು ನೋಡುವ ಕೆಲಸ. ತಾಟು ಕೊಟ್ಟು ಬಂದ ಸ್ವಲ್ಪ ಹೊತ್ತಿಗೆ ಅವಳೇ ಇಳಿದು ಬಂದಳು. ತುಟಿಯಂಚಿನಲ್ಲಿ ಸಕ್ಕರೆ ಅಂಟಿತ್ತು.

"ಅಜ್ಜಿ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ನೀವು ಕ್ರಿಶ್ಚಿಯನ್ನರಾ?"

ಅತ್ತೆ ಹಣೆಯ ವಿಭೂತಿ ಮುಟ್ಟಿ ನೋಡಿಕೊಂಡರು, ಇದೆಯೋ ಅಳಿಸಿದೆಯೋ ಎಂಬಂತೆ.

"ಅಲ್ಲವ್ವ, ನಾವು ಲಿಂಗಾಯತರು," ಎಂದರು. "ಕ್ರಿಸ್‌ಮಸ್ ಒಂದು ಮಾಡ್ತೀವಿ."

ಹುಡುಗಿ ಒಂದು ಕ್ಷಣ ಪಿಳಿಪಿಳಿ ನೋಡಿದಳು. ಆಮೇಲೆ ನಗಲು ತೊಡಗಿದವಳು ಹಾಗೇ ನಗುತ್ತ ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಕತ್ತು ಹೊರಳಿಸಿ ಮೆಟ್ಟಿಲ ಕಡೆಗೆ ಕೂಗಿದಳು:

"ರೀ, ಬೇಗ ಕೆಳಗೆ ಬನ್ನಿ, ಇಲ್ಲಿ ಹಬ್ಬ ನಡೀತಿದೆ!"