ಮೂರನೇ ಮೊಲದ ಸಾಕ್ಷಿ

ಕಪಾಟು ಒರೆಸುವಾಗ ಹೆಬ್ಬೆರಳುದ್ದದ ಗಾಜಿನ ಸೀಸೆಯೊಂದು ಸಿಕ್ಕಿತು. ತಳದಲ್ಲಿ ಒಣಗಿದ ಕಂದು ಕಲೆ. ಚೀಟಿಯ ಮೇಲೆ ನನ್ನದೇ ಅಕ್ಷರ: ‘ಮೊಲ ೩’.

ಈ ಮೂರನೇ ಮೊಲವನ್ನು ನಿಮಗೆ ಪರಿಚಯಿಸಬೇಕು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಹಂದಿಯ ಈಲಿಯಿಂದ, ಅಂದರೆ ಯಕೃತ್ತಿನಿಂದ, ಸಕ್ಕರೆ ಒಡೆಯುವ ಒಂದು ಕಿಣ್ವವನ್ನು ಬೇರ್ಪಡಿಸಿ ಮೊಲಕ್ಕೆ ಚುಚ್ಚುವುದು. ಮೊಲದ ರಕ್ತ ಅದರ ವಿರುದ್ಧ ಪ್ರತಿಕಾಯ ಕಟ್ಟುವುದು. ಆ ರಕ್ತದ ತಿಳಿಯ ಮೇಲೆ ಹಂದಿ ಈಲಿಯ ರಸ ಬಿಟ್ಟರೆ ಎರಡೂ ಕೂಡುವಲ್ಲಿ ಬಿಳಿ ಉಂಗುರ ಮೂಡುವುದು. ನನ್ನ ಮೂರು ವರ್ಷದ ಕೆಲಸ ಇಷ್ಟೇ.

ರಜೆಯಲ್ಲಿ ಮೂರನೇ ಮೊಲದ ತಿಳಿಯನ್ನು ಈ ಸೀಸೆಗೆ ಹಾಕಿ, ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿಟ್ಟು ಕೊಡಗಿನ ಅಮ್ಮತ್ತಿಗೆ, ಸೋದರಮಾವನ ಮನೆಗೆ ತಂದಿದ್ದೆ. ಪ್ರಯೋಗಾಲಯದಲ್ಲಿ ಕರೆಂಟು ಹೋದರೆ ತಿಳಿ ಕೆಡುತ್ತಿತ್ತು, ಅದಕ್ಕೇ ತಂದದ್ದು ಎನ್ನುತ್ತದೆ ನನ್ನ ಆಗಿನ ಡೈರಿ. ತೋರಿಸಿಕೊಳ್ಳುವ ಆಸೆಯಿತ್ತೆಂದು ನನ್ನ ಅನುಮಾನ.

ಕೋವಿ ಪೂಜಿಸಿ ಬೇಟೆಗೆ ಹೊರಡುವ ನಮ್ಮ ಕೈಲ್‌ಮುಹೂರ್ತದ ಹಬ್ಬ ಮುಗಿದಿತ್ತು. ಮಾವನ ಕಣ್ಣು ಮಂಜಾಗಿದೆ, ಇನ್ನು ಅವರನ್ನು ಬೇಟೆಗೆ ಕರೆಯುವುದು ಬೇಡ ಎಂದು ಊರು ಮಾತಾಡಿಕೊಳ್ಳುತ್ತಿತ್ತು. ಮಾವ ಒಬ್ಬರೇ ಕಾಡಿಗೆ ಹೋಗಿ, ಹಂದಿ ಹೊಡೆದೆನೆಂದು ಬೆಳಿಗ್ಗೆಯೇ ಮನೆಮನೆಗೂ ಪಾಲು ಕಳಿಸಿದರು. ನಮ್ಮಲ್ಲಿ ತಲೆ ಸಲ್ಲುವುದು ಹೊಡೆದವನಿಗೆ. ಆದರೆ ಆ ತಲೆಯನ್ನು ಯಾರೂ ಕಂಡಿರಲಿಲ್ಲ. ತೋಡಿನ ನೀರಿಗೆ ಉರುಳಿಹೋಯಿತಂತೆ.

ಪಕ್ಕದ ತೋಟದ ಬೆಳ್ಳಿಯಪ್ಪನವರು ತಮ್ಮ ಪಾಲನ್ನು ಹಿಂದಿರುಗಿಸಲು ಬಂದರು. ಇದು ಸಂತೆಯಲ್ಲಿ ಕೊಂಡ ಸಾಕುಹಂದಿ ಎಂದು ಅವರ ವಾದ.

“ತಲೆ ಒಂದೇ ತೋಡಲ್ಲಿ ಸ್ನಾನ ಮಾಡ್ತಾ ಉಂಟಾ ಅಣ್ಣಾ?”

ಅಂಗಳದಲ್ಲಿ ಏಳೆಂಟು ಜನ ಸೇರಿದ್ದರು. ಮಾವ ಮೀಸೆ ತಿರುವುತ್ತಿದ್ದರು. ಆಗ, ಯಾರೂ ಕೇಳದಿದ್ದರೂ, ನನ್ನ ಬಳಿ ಇದಕ್ಕೊಂದು ಪರೀಕ್ಷೆ ಇದೆ ಎಂದುಬಿಟ್ಟೆ. ಮಾವನ ಕೈ ಮೀಸೆಯಲ್ಲೇ ನಿಂತಿತು.

ಹಿಂದಿರುಗಿಸಿದ ಪಾಲಿನಲ್ಲಿದ್ದ ಈಲಿಯ ಚೂರನ್ನು ಉಪ್ಪುನೀರಲ್ಲಿ ಅರೆದು, ಅತ್ತೆಯ ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿ, ಗಾಜಿನ ನಳಿಕೆಗೆ ಹಾಕಿದ್ದ ತಿಳಿಯ ಮೇಲೆ ಬಿಟ್ಟೆ. ಬಿಸಿಲಿಗೆ ಹಿಡಿದಾಗ ಎಲ್ಲರೂ ಎದ್ದು ನಿಂತರು. ಇದು ನೆನಪು ಸೇರಿಸಿದ ಅಲಂಕಾರವೂ ಇರಬಹುದು. ಉಂಗುರ ಬಂತು.

“ಎಂತ ಹೇಳ್ತದೆ ಅದು?” ಬೆಳ್ಳಿಯಪ್ಪನವರು ಕೇಳಿದರು.

“ಹಂದಿ.”

“ಹಂದಿ ಅಂತ ನಮ್ಮ ನಾಯಿಗೂ ಗೊತ್ತುಂಟು ಮಾರಾಯ. ಕಾಡಿಂದಾ, ಸಂತೆದಾ?”

ಪ್ರತಿಕಾಯಕ್ಕೆ ಎರಡೂ ಒಂದೇ. ಇದು ನನಗೆ ಮೊದಲೇ ತಿಳಿದಿತ್ತೇ? ತಿಳಿಯದಿರಲು ಸಾಧ್ಯವೇ ಇಲ್ಲ. ಮಾವ ಆ ಮಂಜುಗಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದರು.

“ಕಾಡಿಂದು,” ಎಂದೆ.

ಬೆಳ್ಳಿಯಪ್ಪನವರು ನಳಿಕೆಗೆ ಎದುರಾಡಲಾಗದೆ ಮಾಂಸದ ಗಂಟನ್ನು ಎತ್ತಿಕೊಂಡು ಮನೆಗೆ ನಡೆದರು.

ನಾನು ಹೊರಟ ದಿನ ಮಾವ ಬಸ್ಸಿನವರೆಗೂ ಬಂದು ಬಾಳೆಲೆಯ ಗಂಟೊಂದನ್ನು ನನ್ನ ತೊಡೆಯ ಮೇಲಿಟ್ಟರು. “ಹೊಡೆದವನಿಗೆ ಸೇರ್‍ಬೇಕಾದ್ದು,” ಎಂದರು, ಅಷ್ಟೇ. ಗೋಣಿಕೊಪ್ಪ ದಾಟಿದ ಮೇಲೆ ಬಿಚ್ಚಿದೆ. ಹೊಗೆಯಲ್ಲಿ ಒಣಗಿಸಿದ ಹಂದಿಯ ತಲೆ. ಎಡಗಿವಿಯಲ್ಲಿ ಸಾಕಿದವರು ಹಾಕುವ ಕತ್ತರಿ ಗುರುತು.

ಪರೀಕ್ಷೆಯ ದಿನದ ಡೈರಿಯಲ್ಲಿ ‘ಉಂಗುರ ಬಂತು’ ಎಂದಷ್ಟೇ ಇದೆ. ಎಸೆಯಲೆಂದು ಎತ್ತಿದ ಸೀಸೆಯನ್ನು ಕಪಾಟಿಗೇ ಮರಳಿಸಿ, ಪೆನ್ನು ಹುಡುಕಿ, ಆ ಸಾಲಿನ ಕೆಳಗೆ ಈಗ ಬರೆದೆ: ‘ಸಂತೆಯದು. ತಲೆ ನಾನೇ ತಿಂದೆ. ಚೆನ್ನಾಗಿತ್ತು.’